ಲೆಕ್ಕ ಒಪ್ಪಿಸಬೇಕಾದವರು

(ದಾವಣಗೆರೆಯಲ್ಲಿ ಸಭಾ ಹಿರಿಯರಿಗೂ ಯುವ ಬೋಧಕರಿಗೂ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಉಳಿಸಿಕೊಂಡಿದ್ದೇನೆ.)

ಪೂಜ್ಯ ಅಯ್ಯನವರೇ, ಸಭಾ ಹಿರಿಯರೇ, ಸ್ತ್ರೀಯರ ಅನ್ಯೋನ್ಯ ಕೂಟದ ಸಹೋದರಿಯರೇ,

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ 17ನೆಯ ವಚನವನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ನಿಮ್ಮ ಸಭಾನಾಯಕರ ಮಾತು ಕೇಳಿರಿ, ಅವರಿಗೆ ಅಧೀನರಾಗಿರಿ ಎಂದು ಅದು ಶುರುವಾಗುತ್ತದೆ. ಕಮಿಟಿಯಲ್ಲಿ ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಿದಾಗ, ಯುವಕರು ಬೇರೆ ಅಭಿಪ್ರಾಯ ಹೇಳಿದಾಗ, ಹೆಣ್ಣುಮಗಳೊಬ್ಬಳು ಖರ್ಚಿನ ಬಗ್ಗೆ ವಿಚಾರಿಸಿದಾಗ ಈ ವಚನ ಹೊರಗೆ ಬರುತ್ತದೆ. ಬಹಳ ಸಲ ಅರ್ಧಕ್ಕೇ ನಿಂತುಬಿಡುತ್ತದೆ. ಉಳಿದ ಅರ್ಧದಲ್ಲಿ ಆ ಅಧೀನತೆಗೆ ಕಾರಣ ಹೇಳಿದೆ: ಅವರು ಲೆಕ್ಕ ಒಪ್ಪಿಸಬೇಕಾದವರಾಗಿ ನಿಮ್ಮ ಆತ್ಮಗಳನ್ನು ಕಾಯುತ್ತಾರೆ.

ಸಭೆಯ ಜನರಿಗೆ ವಿಧೇಯತೆ, ನಾಯಕರಿಗೆ ಲೆಕ್ಕ. ಎರಡೂ ಒಂದೇ ವಚನದಲ್ಲಿ ಇವೆ. ಮೊದಲನೆಯದನ್ನು ಮಾತ್ರ ಓದಿ ಎರಡನೆಯದನ್ನು ಬಿಟ್ಟರೆ ಉಳಿಯುವುದು ಆತ್ಮಿಕ ನಾಯಕತ್ವವಲ್ಲ, ಯಜಮಾನಿಕೆ. ಅದೇ ಅಧ್ಯಾಯದ 7ನೆಯ ವಚನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಯಕರು ಹೇಗೆ ಬಾಳಿದರು, ಅವರ ನಡತೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಗಮನಿಸಿರಿ, ಆಮೇಲೆ ಅವರ ನಂಬಿಕೆಯನ್ನು ಅನುಸರಿಸಿರಿ ಎನ್ನುತ್ತದೆ. ನಾಯಕನನ್ನು ಕಣ್ಣಿಟ್ಟು ನೋಡುವುದು ಅವಿಧೇಯತೆಯಲ್ಲ. ಸತ್ಯವೇದವೇ ನಮಗೆ ಒಪ್ಪಿಸಿದ ಕೆಲಸ ಅದು.

ನಾನು ದೀಕ್ಷೆ ಪಡೆದ ಬೋಧಕಿಯಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದ, ಸಭೆಯ ಖಜಾಂಚಿಯಾಗಿ ಕೆಲಸ ಮಾಡಿದ ಒಬ್ಬ ವಿಶ್ವಾಸಿ. ಹಾಗಾಗಿ ಲೆಕ್ಕ ಎನ್ನುವುದು ನನಗೆ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಇಂದು ನಾನು ಹೇಳುವ ಲೆಕ್ಕ ಹಣದ್ದಷ್ಟೇ ಅಲ್ಲ. ಜನರ ಲೆಕ್ಕವಿದೆ, ಕೊಟ್ಟ ಮಾತಿನ ಲೆಕ್ಕವಿದೆ, ಅಧಿಕಾರ ಬಿಟ್ಟುಕೊಡುವಾಗಿನ ಲೆಕ್ಕವಿದೆ. ಹಣದ್ದು ಇವೆಲ್ಲಕ್ಕಿಂತ ಸುಲಭ. ಆ ಸುಲಭದ್ದರಲ್ಲೇ ಎಡವಿದವರು ಉಳಿದದ್ದನ್ನು ಹೇಗೆ ನಿಭಾಯಿಸುತ್ತಾರೆ?

ಕುರುಬನ ಚಿತ್ರದಿಂದ ಶುರು ಮಾಡೋಣ. ಸತ್ಯವೇದದಲ್ಲಿ ನಾಯಕತ್ವಕ್ಕೆ ಮೊದಲಿನಿಂದ ಕೊನೆಯವರೆಗೂ ಬರುವ ಚಿತ್ರ ಅದೇ. ಬೇರೆ ಊರಿನವರು ಇದನ್ನು ಭಾನುವಾರ ಶಾಲೆಯ ಗೋಡೆಯ ಪಟದಲ್ಲಿ ನೋಡಿ ಕಲಿಯಬೇಕು: ಬಿಳಿ ನಿಲುವಂಗಿ, ಹೆಗಲ ಮೇಲೆ ಮುದ್ದಾದ ಮರಿ. ನಮಗೆ ಆ ಕಷ್ಟವಿಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಕುರಿಗಾರರು ಮೇವು ಹುಡುಕಿಕೊಂಡು ಮಂದೆ ಹೊಡೆದುಕೊಂಡು ಬರುವುದನ್ನು ನಾವು ಹೆದ್ದಾರಿಯ ಪಕ್ಕದಲ್ಲೇ ನೋಡುತ್ತೇವೆ. ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ಮಂದೆ ಕೂಡಿಸುತ್ತಾರೆ. ಗೊಬ್ಬರ ಬೀಳುತ್ತದೆಂದು ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಹತ್ತಿರ ಹೋಗಿ ನೋಡಿದರೆ ಕುರಿಗಳ ಮೈ ಮೇಲೆ ಬೇರೆ ಬೇರೆ ಬಣ್ಣದ ಗುರುತುಗಳಿರುತ್ತವೆ. ಒಂದೇ ಮಂದೆಯಲ್ಲಿ ಹಲವು ಮನೆಗಳ ಕುರಿಗಳು ಇರುವುದುಂಟು. ಕಾಯುವವನು ಒಬ್ಬ, ಒಡೆಯರು ಹಲವರು. ಒಂದು ಕುರಿ ಸತ್ತರೆ, ಕಳೆದರೆ, ಊರಿಗೆ ಮರಳಿದಾಗ ಒಡೆಯನಿಗೆ ಅವನು ಉತ್ತರ ಹೇಳಬೇಕು.

ಮೋಶೆಯ ಧರ್ಮಶಾಸ್ತ್ರದಲ್ಲೂ ಇದೇ ವ್ಯವಹಾರವಿದೆ. ವಿಮೋಚನಕಾಂಡ 22ರಲ್ಲಿ, ಕಾಯಲು ಕೊಟ್ಟ ಪಶುವನ್ನು ಕಾಡುಮೃಗ ಸೀಳಿದ್ದರೆ ಉಳಿದ ಭಾಗವನ್ನು ಸಾಕ್ಷಿಗಾಗಿ ತಂದು ತೋರಿಸಬೇಕೆಂದಿದೆ. ಯಾಕೋಬನಂತೂ ತಾನು ಕುರಿ ಕಾಯುತ್ತಿದ್ದ ಮಾವ ಲಾಬಾನನ ಎದುರು ನಿಂತು, ಮೃಗ ಸೀಳಿದ್ದನ್ನು ನಿನ್ನ ಬಳಿಗೆ ತರಲಿಲ್ಲ, ಆ ನಷ್ಟವನ್ನು ನಾನೇ ಹೊತ್ತೆ, ಹಗಲು ಬಿಸಿಲಿನಲ್ಲಿ ಬೆಂದೆ, ಇರುಳು ಚಳಿಯಲ್ಲಿ ನಡುಗಿದೆ, ನಿದ್ದೆ ಕಣ್ಣಿಗೆ ಹತ್ತಲಿಲ್ಲ ಎಂದು ತನ್ನ ಇಪ್ಪತ್ತು ವರ್ಷದ ಲೆಕ್ಕ ಕೊಡುತ್ತಾನೆ. ಪೇತ್ರನು ತನ್ನ ಮೊದಲ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಸಭೆಯ ಹಿರಿಯರಿಗೆ ಬುದ್ಧಿ ಹೇಳುವಾಗ, ನಿಮ್ಮ ವಶದಲ್ಲಿರುವವರ ಮೇಲೆ ದೊರೆತನ ಮಾಡಬೇಡಿರಿ, ಹಿಂಡಿಗೆ ಮಾದರಿಯಾಗಿರಿ, ಹಿರೀ ಕುರುಬನು, ಅಂದರೆ ಕ್ರಿಸ್ತನು, ಪ್ರತ್ಯಕ್ಷನಾಗುವಾಗ ಕಿರೀಟ ಹೊಂದುವಿರಿ ಎನ್ನುತ್ತಾನೆ. ಹಿಂಡು ನಿಮ್ಮದಲ್ಲ ಎಂದು ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವೇ? ‘ನನ್ನ ಕುರಿಗಳನ್ನು ಮೇಯಿಸು’ ಎಂದು ತಿಬೇರಿಯ ಸಮುದ್ರದ ದಡದಲ್ಲಿ ಯೇಸು ಹೇಳಿದಾಗ ಕೇಳಿಸಿಕೊಂಡವನೇ ಈ ಪೇತ್ರ. ‘ನನ್ನ ಸಭೆ’, ‘ನನ್ನ ಜನ’, ‘ನನ್ನ ಮಿನಿಸ್ಟ್ರಿ’ ಎಂದು ಸರಾಗವಾಗಿ ಮಾತನಾಡುವ ನಾವು ಆ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಈಗ ಹಣದ ವಿಷಯ. ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಾದ ವೆಸ್ಟ್ರಿಯಲ್ಲಿ ಏನು ನಡೆಯುತ್ತದೆ ಎಂದು ನಿಮಗೆಲ್ಲ ಗೊತ್ತು. ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾರೆ. ಮಡಿಸಿ ಮಡಿಸಿ ಬೆವರು ಹತ್ತಿದ ಹತ್ತು ರೂಪಾಯಿ ನೋಟುಗಳು, ಮಕ್ಕಳ ನಾಣ್ಯಗಳು, ಆದಾಯದ ಹತ್ತನೆಯ ಒಂದು ಪಾಲಾದ ದಶಮಾಂಶದ ಲಕೋಟೆಗಳು, ‘ಮಗಳ ಹೆರಿಗೆ ಸುಖವಾಗಿ ಆಯಿತು’ ಎಂದು ಪೆನ್ಸಿಲಿನಲ್ಲಿ ಬರೆದ ಸ್ತೋತ್ರ ಕಾಣಿಕೆಯ ಚೀಟಿ. ಇಬ್ಬರು ಎಣಿಸಬೇಕು, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕಬೇಕು, ಮರುದಿನ ಬ್ಯಾಂಕಿಗೆ ಕಟ್ಟಬೇಕು. ಸುಗ್ಗಿಯ ಹಬ್ಬದಲ್ಲಿ ಮೆಕ್ಕೆಜೋಳದ ಚೀಲ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ ಎಲ್ಲ ಹರಾಜಿಗೆ ಬರುತ್ತವೆ. ಆ ಹರಾಜಿನ ಮೊತ್ತವನ್ನೂ ಅಂದೇ ಸಂಜೆ ಬರೆದು ಸಭೆಯ ಮುಂದೆ ಓದಬೇಕು. ಕೂಲಿ ಮಾಡಿ ಬದುಕುವ ಅಜ್ಜಿಯೊಬ್ಬಳು ತಾನು ತಂದ ಕುಂಬಳಕಾಯಿ ಎಷ್ಟಕ್ಕೆ ಹೋಯಿತೆಂದು ಕಿವಿಗೊಟ್ಟು ಕೂತಿರುತ್ತಾಳೆ. ಆ ಅಂಕಿ ತಿಳಿಯುವ ಹಕ್ಕು ಅವಳಿಗಿದೆ.

ಈಚೆಗೆ ಒಂದು ಹೊಸ ಸಂಗತಿ ಸೇರಿಕೊಂಡಿದೆ. ಪ್ರಸಂಗಪೀಠದ ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಯಾರ ಹೆಸರು ಬರುತ್ತದೆ? ಸಭೆಯ ಹೆಸರು ಬಂದರೆ ಸರಿ. ಪಾಸ್ಟರರ ಹೆಸರು, ಅವರ ಪತ್ನಿಯ ಹೆಸರು, ಮಗನ ಹೆಸರು ಬಂದರೆ ಆ ಹಣ ದಾನಿಯ ಮೊಬೈಲಿನಿಂದ ನೇರವಾಗಿ ಒಬ್ಬ ವ್ಯಕ್ತಿಯ ಖಾತೆಗೆ ಹೋಗಿದೆ. ಅವರು ಅದನ್ನು ಒಂದು ಪೈಸೆಯೂ ಬಿಡದೆ ಸಭೆಗೇ ಖರ್ಚು ಮಾಡಿರಬಹುದು. ನಾನು ಅವರ ಪ್ರಾಮಾಣಿಕತೆಯನ್ನು ಸಂಶಯಿಸುತ್ತಿಲ್ಲ. ಆದರೆ ತೋರಿಸುವುದಕ್ಕೆ ಅವರ ಕೈಯಲ್ಲಿ ಏನಿದೆ? ನಾಳೆ ಒಬ್ಬನು ಬೆರಳು ತೋರಿಸಿದರೆ ನಿರಪರಾಧಿಯಾದ ಸೇವಕನೂ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ.

ಪೌಲನಿಗೆ ಇದು ಗೊತ್ತಿತ್ತು. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯದ ಸಭೆಗಳಲ್ಲಿ ಕೂಡಿಸಿದ ಹಣವನ್ನು ಸಾಗಿಸುವ ಸಂದರ್ಭ ಬಂದಾಗ ಅವನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಕ್ರಿಸ್ತನೇ ಕಳುಹಿಸಿದ ಅಪೊಸ್ತಲನಾದ ಅವನನ್ನು ಯಾರು ತಡೆಯುತ್ತಿದ್ದರು? ಆದರೂ ತನ್ನ ಜೊತೆಗಾರ ತೀತನ ಜೊತೆಗೆ, ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಕಳುಹಿಸುತ್ತಾನೆ. ಕಾರಣವನ್ನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾನೆ: ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದದ್ದನ್ನು ಮಾಡಬೇಕೆಂಬುದೇ ನಮ್ಮ ಉದ್ದೇಶ. ‘ದೇವರಿಗೆ ಗೊತ್ತಿದೆ’ ಎಂಬ ಉತ್ತರ ಪೌಲನಿಗೆ ಸಾಲಲಿಲ್ಲ. ನಮಗೂ ಸಾಲಬಾರದು.

ಈ ಎಚ್ಚರ ಯಾವುದೋ ಒಂದು ಪಂಗಡಕ್ಕೆ ಸೇರಿದ್ದಲ್ಲ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಥೋಲಿಕ ಬಂಧುಗಳು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದವರು. 1983ರ ಅವರ ಧರ್ಮಸಭೆಯ ಕಾನೂನು ಪ್ರತಿಯೊಂದು ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆಂದು ವಿಧಿಸುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಸ್ಥಳೀಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ, ವಾರ್ಷಿಕ ಮಹಾಸಭೆ, ಲೆಕ್ಕಪರಿಶೋಧನೆ ಎಲ್ಲವೂ ನಿಯಮದಲ್ಲಿವೆ. ಕಷ್ಟವಿರುವುದು ಒಬ್ಬ ವ್ಯಕ್ತಿ ತನ್ನ ಮನೆಯ ಕೋಣೆಯಲ್ಲಿ ಪ್ರಾರ್ಥನಾಕೂಟ ಶುರು ಮಾಡಿ, ಅದು ಬೆಳೆದು, ಜಾಗ ಖರೀದಿಯಾಗಿ, ಕಟ್ಟಡ ಎದ್ದು, ಎಲ್ಲವೂ ಅದೇ ವ್ಯಕ್ತಿಯ ಹೆಸರಿನಲ್ಲೇ ಉಳಿದಿರುವ ಸ್ವತಂತ್ರ ಸಭೆಗಳಲ್ಲಿ. ಅವರ ಶ್ರಮ ದೊಡ್ಡದು, ನಾನು ಗೌರವಿಸುತ್ತೇನೆ. ಆ ಶ್ರಮಕ್ಕೆ ಕಳಂಕ ಬಾರದಿರಲೆಂದೇ ಕೇಳುತ್ತೇನೆ: ಟ್ರಸ್ಟ್ ನೋಂದಾಯಿಸಿ, ಮನೆಯವರಲ್ಲದ ಟ್ರಸ್ಟಿಗಳನ್ನು ಇಟ್ಟುಕೊಳ್ಳಿ, ಜಾಗವನ್ನು ಸಭೆಯ ಹೆಸರಿಗೆ ಮಾಡಿಸಿ. ನಿಯಮ ಪುಸ್ತಕದಲ್ಲಿದ್ದೂ ಆಸ್ತಿಯ ವ್ಯಾಜ್ಯಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಸಭೆಗಳು ಇವೆ ಎಂಬುದನ್ನೂ ನಾನು ಮರೆಮಾಚುವುದಿಲ್ಲ. ಪುಸ್ತಕದಲ್ಲಿರುವ ನಿಯಮವನ್ನು ವರ್ಷಕ್ಕೊಮ್ಮೆ ಎದ್ದು ನಿಂತು ಕೇಳುವವರು ಇರಬೇಕು.

ಇನ್ನು ಜನರ ಲೆಕ್ಕ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡುತ್ತೇನೆ.

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ. ಯೆರೂಸಲೇಮಿನ ಸಭೆ ಬೆಳೆಯುತ್ತಿದೆ. ದಿನದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳುತ್ತಿಲ್ಲವೆಂದು ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರ ಜಾಗದಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಇದ್ದಿದ್ದರೆ, ಗುಣುಗುಟ್ಟುವವರು ಸೈತಾನನಿಗೆ ಎಡೆಗೊಟ್ಟಿದ್ದಾರೆ ಎಂದು ಒಂದು ಪ್ರಸಂಗ ಮಾಡಿ ಮುಗಿಸುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಶಿಷ್ಯಮಂಡಲಿಯನ್ನೆಲ್ಲ ಕರೆದರು, ದೂರು ನಿಜವೆಂದು ಒಪ್ಪಿದವರಂತೆ ನಡೆದುಕೊಂಡರು, ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಆರಿಸಿದವರ ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ವಿಧವೆಯರಿಗೆ ಅನ್ನ ತಪ್ಪಿತೋ ಅವರ ಕಡೆಯವರ ಕೈಗೇ ಉಗ್ರಾಣದ ಬೀಗದಕೈ ಹೋಯಿತೆಂದು ಇದರಿಂದ ನಾನು ತಿಳಿಯುತ್ತೇನೆ. ದೂರು ಹೇಳಿದವರನ್ನು ನಂಬಿ ಅವರಿಗೇ ಹೊಣೆ ಕೊಟ್ಟ ಈ ನಡೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ನಮ್ಮ ಸಭೆಗಳಲ್ಲೂ ಕನ್ನಡದವರು, ತಮಿಳಿನವರು, ತೆಲುಗಿನವರು, ಹಳೆಯ ಮನೆತನದವರು, ನಿನ್ನೆ ಮೊನ್ನೆ ಹಳ್ಳಿಯಿಂದ ಬಂದವರು ಇದ್ದಾರೆ. ಕಮಿಟಿಯ ಕುರ್ಚಿಗಳಲ್ಲಿ ಯಾರಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ.

ಕುರ್ಚಿಯ ಮಾತು ಬಂತು. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಆಸನ, ಬಡವನಿಗೆ ‘ಅಲ್ಲಿ ನಿಂತಿರು’ ಎಂದು ಹೇಳುವ ಸಭೆಯನ್ನು ಯಾಕೋಬನ ಪತ್ರಿಕೆ ಖಂಡಿಸುತ್ತದೆ. ನಮ್ಮ ನೆಲದಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ, ಪಂಕ್ತಿಭೇದ. ಅಂತಿಯೋಕ್ಯದಲ್ಲಿ ಪೇತ್ರ ಎಡವಿದ್ದು ಇಲ್ಲೇ. ಅನ್ಯಜನರೊಂದಿಗೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದವನು ಯೆರೂಸಲೇಮ್ ಸಭೆಯ ನಾಯಕ ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಹಿಂಜರಿದು ಬೇರೆ ಕೂತ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಎದ್ದುಹೋದ. ಪೌಲ ಪೇತ್ರನನ್ನು ಎಲ್ಲರ ಮುಂದೆಯೇ ಪ್ರಶ್ನಿಸಿದ. ಸಭೆಯ ಕಂಬವೆನಿಸಿದವನನ್ನು ಬಹಿರಂಗವಾಗಿ ತಿದ್ದಿದ ಈ ಪ್ರಸಂಗವನ್ನು ಆದಿಸಭೆ ಮುಚ್ಚಿಡಲಿಲ್ಲ. ಪೌಲ ಇದನ್ನು ಹೇಳಿರುವ ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ನಕಲು ಮಾಡಿತು, ಊರೂರಿಗೆ ಕಳುಹಿಸಿತು, ಆರಾಧನೆಯಲ್ಲಿ ಓದಿತು. ಪೇತ್ರನ ಗೌರವ ಅದರಿಂದ ಕಡಿಮೆಯಾಯಿತೇ? ಎರಡು ಸಾವಿರ ವರ್ಷ ಕಳೆದರೂ ಕಡಿಮೆಯಾಗಿಲ್ಲ.

ತಿದ್ದಿಸಿಕೊಳ್ಳುವುದು ನಮ್ಮ ಊರುಗಳಲ್ಲಿ ಏಕೆ ಇಷ್ಟು ಕಷ್ಟ? ಗುರುವಿನ ಮೇಲಿನ ಭಕ್ತಿ ಈ ಮಣ್ಣಿನಲ್ಲಿ ಬಹಳ ಆಳವಾಗಿದೆ. ಮಠಗಳ ನಾಡು ಇದು. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದ ಮುಂದೆ ದಾಯಾದಿಗಳು ಜಮೀನಿನ ವ್ಯಾಜ್ಯ ಹಿಡಿದುಕೊಂಡು ಹೋಗುವುದನ್ನು ಎಲ್ಲರೂ ಬಲ್ಲರು. ಧಾರ್ಮಿಕ ಹಿರಿಯರೆಂದರೆ ನ್ಯಾಯ ಹೇಳುವವರು, ಮನೆ ಉಳಿಸುವವರು ಎಂಬ ನಂಬಿಕೆ ನಮ್ಮ ಕ್ರೈಸ್ತ ಕುಟುಂಬಗಳಲ್ಲೂ ಇದೆ. ಅದು ಒಳ್ಳೆಯದೇ. ಅಣ್ಣ ತಮ್ಮಂದಿರ ಜಗಳ ಕೋರ್ಟಿಗೆ ಹೋಗುವ ಮುಂಚೆ ಅಯ್ಯನವರ ಮುಂದೆ ಬರಲಿ. ಕೊರಿಂಥದವರಿಗೆ ಪೌಲ ಹೇಳಿದ್ದೂ ಅದನ್ನೇ. ಆದರೆ ಗೌರವ ಎಲ್ಲಿ ಮುಗಿಯುತ್ತದೆ, ಆರಾಧನೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಗೌರವ ಪಡೆಯುವವನೇ ಎಳೆಯಬೇಕು. ಜನರು ಎಳೆಯುವುದಿಲ್ಲ. ರೋಮಿನ ಶತಾಧಿಪತಿ ಕೊರ್ನೇಲ್ಯನು ಕಾಲಿಗೆ ಬಿದ್ದಾಗ ಪೇತ್ರನು ಅವನನ್ನು ಎತ್ತಿ, ಏಳು, ನಾನೂ ಮನುಷ್ಯನೇ ಎಂದ. ಲುಸ್ತ್ರ ಎಂಬ ಊರಿನಲ್ಲಿ ಜನರು ಪೌಲ ಬಾರ್ನಬರನ್ನು ದೇವರುಗಳೆಂದು ತಿಳಿದು ಬಲಿಗಾಗಿ ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದಾಗ ಅವರಿಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿ ಕೂಗಿದರು. ಹಾರ ತುರಾಯಿ, ಪೇಟ, ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್, ಹೆಸರಿನ ಹಿಂದೆ ಸಾಲು ಬಿರುದು ಇವೆಲ್ಲವನ್ನೂ ಆ ಲುಸ್ತ್ರದ ಬೀದಿಯಲ್ಲಿಟ್ಟು ನೋಡಬೇಕು.

ಇದಕ್ಕೆ ವಿರುದ್ಧವಾದ ಒಬ್ಬನ ಹೆಸರೂ ಸತ್ಯವೇದದಲ್ಲಿದೆ. ಯೋಹಾನನ ಮೂರನೆಯ ಪತ್ರಿಕೆ ಬಹಳ ಚಿಕ್ಕದು. ಅದರಲ್ಲಿ ದಿಯೊತ್ರೇಫ ಎಂಬುವನಿದ್ದಾನೆ. ಎಲ್ಲರಲ್ಲಿ ತಾನೇ ಮೊದಲಿಗನಾಗಬೇಕೆಂಬ ಆಸೆ ಅವನಿಗೆ. ಅಪೊಸ್ತಲರ ಮಾತು ಒಪ್ಪುವುದಿಲ್ಲ, ಅವರ ಮೇಲೆ ಹರಟೆ ಕೊಚ್ಚುತ್ತಾನೆ, ಬಂದ ಸಹೋದರರನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲು ಹೋದವರನ್ನೂ ಸಭೆಯಿಂದ ಹೊರಗೆ ಹಾಕುತ್ತಾನೆ. ಅವನ ಬೋಧನೆಯಲ್ಲಿ ತಪ್ಪಿತ್ತೆಂದು ಪತ್ರಿಕೆ ಹೇಳುವುದಿಲ್ಲ. ಉಪದೇಶವೆಲ್ಲ ಸರಿಯಾಗಿದ್ದೂ ಒಬ್ಬ ದಿಯೊತ್ರೇಫನಾಗಬಹುದು ಎಂದು ನಾನು ಓದಿಕೊಳ್ಳುತ್ತೇನೆ.

ಇತಿಹಾಸದಲ್ಲಿ ಬೇರೆ ಬಗೆಯವರೂ ಆಗಿಹೋಗಿದ್ದಾರೆ. ಮೂರನೆಯ ಶತಮಾನದ ನಡುವೆ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕ್ರೈಸ್ತರ ಮೇಲಿನ ಹಿಂಸೆಯ ಕಾಲದಲ್ಲಿ ಅಡಗಿಕೊಂಡಿದ್ದರು. ಅಲ್ಲಿಂದಲೇ ತಮ್ಮ ಹಿರಿಯರಿಗೆ ಪತ್ರ ಬರೆದು, ನಿಮ್ಮ ಆಲೋಚನೆಯಿಲ್ಲದೆ, ಜನರ ಒಪ್ಪಿಗೆಯಿಲ್ಲದೆ ನನ್ನ ಸ್ವಂತ ಅಭಿಪ್ರಾಯದಿಂದಲೇ ಏನನ್ನೂ ಮಾಡಬಾರದೆಂದು ಬಿಷಪನಾದ ಮೊದಲಿನಿಂದಲೂ ನಿಶ್ಚಯಿಸಿದ್ದೇನೆ ಎಂದರು. ತಲೆಯ ಮೇಲೆ ಕತ್ತಿ ತೂಗುತ್ತಿದ್ದಾಗಲೂ ಅವರು ತುರ್ತಿನ ನೆಪ ಹೇಳಲಿಲ್ಲ.

ನಮ್ಮ ಪಕ್ಕದ ತೆಲುಗು ನಾಡಿಗೆ ಬನ್ನಿ. ವಿ.ಎಸ್. ಅಜರಯ್ಯ 1912ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಅಭಿಷಿಕ್ತರಾದ, ಆಂಗ್ಲಿಕನ್ ಸಭೆಯ, ಅಂದರೆ ಇಂಗ್ಲೆಂಡಿನ ಸಭೆಯ ಪರಂಪರೆಯ, ಮೊದಲ ಭಾರತೀಯ ಬಿಷಪ್. ದೋರ್ನಕಲ್ಲಿನ ಬಿಷಪರಾಗಿ ಅವರು ಹಳ್ಳಿಹಳ್ಳಿ ಸುತ್ತಿದರು. ಹಳ್ಳಿಯ ಉಪಾಧ್ಯಾಯರನ್ನೂ ಅವರ ಹೆಂಡತಿಯರನ್ನೂ ತರಬೇತುಗೊಳಿಸಿದರು. ಅದಕ್ಕೂ ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಅವರು ಆಡಿದ ಮಾತು ಸಭೆಯನ್ನು ಬೆಚ್ಚಿಬೀಳಿಸಿತ್ತು. ಬಡವರಿಗಾಗಿ ನಿಮ್ಮ ಆಸ್ತಿಯನ್ನು ಕೊಟ್ಟಿದ್ದೀರಿ, ಸುಡುವುದಕ್ಕೆ ದೇಹವನ್ನೂ ಕೊಟ್ಟಿದ್ದೀರಿ, ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂದರು. ಮಿಷನರಿಗಳ ತ್ಯಾಗವನ್ನು ಅವರು ಅಲ್ಲಗಳೆಯಲಿಲ್ಲ. ತ್ಯಾಗ ಮಾಡಿದವನೂ ಮೇಲಿನ ಮೆಟ್ಟಿಲಿನಲ್ಲೇ ನಿಂತುಬಿಡಬಹುದು ಎಂಬುದನ್ನು ತೋರಿಸಿದರು. ಅಂದು ಬಿಳಿಯರ ಮುಂದೆ ಆಡಿದ ಆ ಮಾತನ್ನು ಇಂದು ನಮ್ಮ ಹಳ್ಳಿಯ ಸುವಾರ್ತಿಕನೊಬ್ಬ ಜಿಲ್ಲಾ ಕೇಂದ್ರದಿಂದ ಕಾರಿನಲ್ಲಿ ಬರುವ ನಮ್ಮ ಮುಂದೆ ಆಡಿದರೆ ನಾವು ಏನು ಉತ್ತರ ಕೊಡುತ್ತೇವೆ?

1919ರಲ್ಲಿ ತರಂಗಂಬಾಡಿಯಲ್ಲಿ ಸಭೆಗಳ ಐಕ್ಯದ ಮಾತುಕತೆ ಶುರುವಾದಾಗ ಅಜರಯ್ಯ ಮುಂಚೂಣಿಯಲ್ಲಿದ್ದರು. ಅದು ಕೈಗೂಡಿದ್ದು 1947ರ ಸೆಪ್ಟೆಂಬರ್ 27ರಂದು, ಅವರು ತೀರಿಕೊಂಡ ಮೇಲೆ. ಹಾಗೆ ಹುಟ್ಟಿದ ಸಿಎಸ್‌ಐ ಬಿಷಪ್ ಪದವಿಯನ್ನು ಒಪ್ಪಿಕೊಂಡಿತು, ಆದರೆ ಸಂವಿಧಾನಕ್ಕೆ ಒಳಪಟ್ಟ ಬಿಷಪ್ ಪದವಿಯನ್ನು. ಅದರ ಆಡಳಿತ ಮಹಾಸಭೆಯಾದ ಸಿನೊಡ್‌ನಲ್ಲಿ ಬಿಷಪರೂ ಬೋಧಕರೂ ಸಾಮಾನ್ಯ ವಿಶ್ವಾಸಿಗಳೂ ಜೊತೆಯಾಗಿ ಕೂರುತ್ತಾರೆ. 2013ರಲ್ಲಿ ನಂದ್ಯಾಲದಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರು ಈ ಸಭೆಯ ಮೊದಲ ಮಹಿಳಾ ಬಿಷಪರಾದರು. ಕೆಂಖ್ರೆಯ ಫೊಯಿಬೆಯನ್ನು ಪೌಲನು ರೋಮಿನವರಿಗೆ ಸಭೆಯ ಸೇವಕಿಯೆಂದು, ಅನೇಕರಿಗೂ ತನಗೂ ನೆರವಾದವಳೆಂದು ಪರಿಚಯಿಸಿದ್ದನ್ನು ನೆನೆದರೆ, ನಾವು ತಡ ಮಾಡಿದೆವು ಎಂದೇ ನನಗನ್ನಿಸುತ್ತದೆ.

ಕೊನೆಯದಾಗಿ, ಬಿಟ್ಟುಕೊಡುವಾಗಿನ ಲೆಕ್ಕ. ಒಂದನೆಯ ಸಮುವೇಲನ 12ನೆಯ ಅಧ್ಯಾಯದಲ್ಲಿ ಮುದುಕನಾದ ಸಮುವೇಲನು ಜನರ ಮುಂದೆ ನಿಂತು ಕೇಳುತ್ತಾನೆ: ನಾನು ಯಾರ ಎತ್ತನ್ನು ತೆಗೆದುಕೊಂಡೆ? ಯಾರ ಕತ್ತೆಯನ್ನು? ಯಾರಿಗೆ ಮೋಸ ಮಾಡಿದೆ? ಯಾರ ಕೈಯಿಂದ ಲಂಚ ತೆಗೆದುಕೊಂಡು ಕಣ್ಣು ಮುಚ್ಚಿಕೊಂಡೆ? ಹೇಳಿರಿ, ಹಿಂದಕ್ಕೆ ಕೊಡುತ್ತೇನೆ. ಜನರು, ಏನೂ ಇಲ್ಲ ಎಂದರು. ಎಂಥ ಬೀಳ್ಕೊಡುಗೆ! ಆದರೆ ಆ ಅಧ್ಯಾಯದಿಂದ ಹಿಂದಕ್ಕೆ ತಿರುಗಿ 8ನೆಯ ಅಧ್ಯಾಯ ಓದಿ. ಇದೇ ಸಮುವೇಲ ತನ್ನ ಮಕ್ಕಳಾದ ಯೋವೇಲ, ಅಬೀಯರನ್ನು ನ್ಯಾಯಾಧಿಪತಿಗಳನ್ನಾಗಿ ಮಾಡಿದ್ದ. ಅವರು ಲಂಚ ತಿಂದು ನ್ಯಾಯವನ್ನು ತಿರುಚಿದರು. ಜನರು ನಮಗೆ ಅರಸನೇ ಬೇಕೆಂದು ಹಟ ಹಿಡಿದದ್ದಕ್ಕೆ ಅದೂ ಒಂದು ಕಾರಣ. ತನ್ನ ಕೈ ಶುದ್ಧವಾಗಿಟ್ಟುಕೊಂಡವನು ಮಕ್ಕಳ ವಿಷಯದಲ್ಲಿ ಸೋತ. ಮೋಶೆಗೂ ಗೇರ್ಷೋಮ, ಎಲೀಯೆಜೆರರೆಂಬ ಇಬ್ಬರು ಮಕ್ಕಳಿದ್ದರು. ಸತ್ಯವೇದದ ಅರಣ್ಯಕಾಂಡ 27ರಲ್ಲಿ, ಜನರು ಕುರುಬನಿಲ್ಲದ ಕುರಿಗಳಾಗಬಾರದು, ಒಬ್ಬನನ್ನು ನೇಮಿಸು ಎಂದು ಅವನು ದೇವರನ್ನು ಬೇಡಿದಾಗ ಮಕ್ಕಳ ಹೆಸರೆತ್ತಲಿಲ್ಲ. ತನ್ನ ನಂತರದ ನಾಯಕನನ್ನಾಗಿ ನೇಮಿಸಿ ಯೆಹೋಶುವನ ಮೇಲೆ ಕೈಯಿಟ್ಟದ್ದು ಸರ್ವಸಮೂಹದ ಎದುರಿನಲ್ಲಿ. ಸಭೆಯನ್ನು ಮಗನಿಗೋ ಅಳಿಯನಿಗೋ ಬರೆದುಕೊಡಲು ಮನಸ್ಸಾದವರು ಈ ಎರಡು ಕಥೆಗಳನ್ನೂ ಒಟ್ಟಿಗೆ ಓದಬೇಕು.

ಅಯ್ಯನವರ ವರ್ಗಾವಣೆಯಾದಾಗ ನಾವು ಶಾಲು ಹೊದಿಸುತ್ತೇವೆ,ಫೋಟೊ ತೆಗೆಸಿಕೊಳ್ಳುತ್ತೇವೆ, ಕಣ್ಣೀರು ಹಾಕುತ್ತೇವೆ. ಆ ಪ್ರೀತಿ ಇರಲಿ. ಜೊತೆಗೆ ಒಂದು ಒಪ್ಪಿಸುವ ಕೂಟವೂ ನಡೆಯಲಿ ಎಂಬುದು ನನ್ನ ಬಿನ್ನಹ. ದೀಕ್ಷಾಸ್ನಾನದ ರಿಜಿಸ್ಟರ್, ಸಮಾಧಿ ರಿಜಿಸ್ಟರ್, 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಇಡಬೇಕಾದ ವಿವಾಹ ರಿಜಿಸ್ಟರ್, ಪಾಸ್‌ಬುಕ್, ವೋಚರ್, ರಸೀದಿ ಪುಸ್ತಕಗಳ ಕೊನೆಯ ನಂಬರ್ ಇಷ್ಟನ್ನೂ ಹಿರಿಯರ ಎದುರಿನಲ್ಲಿ ಹೊಸಬರಿಗೆ ಕೊಡಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾಸಿಗೆ ಹಿಡಿದವರು ಯಾರು, ಜಗಳವಾಡಿ ಸಭೆ ಬಿಟ್ಟವರು ಯಾರು, ಗಂಡನ ಕುಡಿತದಿಂದ ಬೇಯುತ್ತಿರುವವಳು ಯಾರು, ಪರೀಕ್ಷೆಯಲ್ಲಿ ಫೇಲಾಗಿ ಮನೆಯಿಂದ ಹೊರಗೆ ಬಾರದ ಹುಡುಗ ಯಾರು. ಗುಟ್ಟಾಗಿ ನಂಬಿ ಹೇಳಿಕೊಂಡದ್ದನ್ನು ಬಿಟ್ಟು, ಉಳಿದದ್ದನ್ನು ಹೊಸ ಸಭಾಪಾಲಕರ ಜೊತೆ ಮನೆಮನೆಗೆ ಹೋಗಿ ಪರಿಚಯ ಮಾಡಿಸಿ ಒಪ್ಪಿಸಬೇಕು. ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು ಪೌಲ ಮಾಡಿದ್ದು ಇಂಥದೇ ಕೂಟವನ್ನು. ಮೂರು ವರ್ಷ ಹಗಲಿರುಳು ಕಣ್ಣೀರಿನಿಂದ ಎಚ್ಚರಿಸಿದೆ, ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲ, ಈ ಕೈಗಳೇ ದುಡಿದವು ಎಂದು ಲೆಕ್ಕ ಒಪ್ಪಿಸಿ, ಮೊದಲು ನಿಮ್ಮ ವಿಷಯದಲ್ಲಿ, ಆಮೇಲೆ ಹಿಂಡಿನ ವಿಷಯದಲ್ಲಿ ಎಚ್ಚರಿಕೆಯಾಗಿರಿ ಎಂದ. ಆ ಅನುಕ್ರಮವನ್ನು ಮರೆಯಬೇಡಿ. ತನ್ನ ಪ್ರಾರ್ಥನೆ ಒಣಗಿಹೋದವನು ಇನ್ನೊಬ್ಬರ ಪ್ರಾರ್ಥನೆಗೆ ನೀರೆರೆಯಲಾರ.

ಪ್ರಶ್ನೆಗಳಿಗೆ ಬರೋಣ.

ಚಿತ್ರದುರ್ಗದ ಕಡೆಯ ಹಿರಿಯರೊಬ್ಬರು ಕೇಳಿದರು: ಸಭಾಪಾಲಕರು ಲೆಕ್ಕ ಕೊಡಲು ಒಪ್ಪದಿದ್ದರೆ ಏನು ಮಾಡುವುದು?

ಮತ್ತಾಯ 18ರ ದಾರಿಯೇ ದಾರಿ. ಮೊದಲು ಒಬ್ಬರೇ ಹೋಗಿ ಮಾತನಾಡಿ, ಮನೆಯ ಹಿರಿಯ ಮಗ ತಂದೆಯೊಂದಿಗೆ ಮಾತನಾಡುವ ವಿನಯದಿಂದ. ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಮೇಲೆ ಕಮಿಟಿ, ಮಹಾಸಭೆ, ಬಿಷಪರ ಆಡಳಿತವಾದ ಡಯಾಸಿಸ್. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುವುದು ಈ ಪಟ್ಟಿಯಲ್ಲಿ ಇಲ್ಲ. ಹೆಸರಿಲ್ಲದ ಪತ್ರವೂ ಇಲ್ಲ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ ಎಂದು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಪೌಲ ಬರೆದಿದ್ದಾನೆ. ತಪ್ಪು ಸಾಬೀತಾದರೆ ಎಲ್ಲರ ಮುಂದೆ ಗದರಿಸು ಎಂದು ಮುಂದಿನ ವಚನದಲ್ಲೇ ಇದೆ. ಆದರೆ ಒಂದು ವಿಷಯವನ್ನು ಇದರಿಂದ ಬೇರೆ ಇಡುತ್ತೇನೆ. ಮಗುವಿನ ಮೇಲೆ ಯಾರಾದರೂ ಕೈ ಹಾಕಿದ್ದಾರೆಂದು ತಿಳಿದರೆ ಒಬ್ಬರೇ ಹೋಗಿ ಮಾತನಾಡುವುದು, ಸಮಾಧಾನ ಮಾಡಿಸುವುದು, ವರ್ಗಾವಣೆ ಮಾಡಿಸಿ ಮುಚ್ಚಿಹಾಕುವುದು ಯಾವುದೂ ಸಲ್ಲದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದೆ ಇರುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಅದನ್ನು ಭಾನುವಾರ ಶಾಲೆಯ ಕೋಣೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆದು ಹಾಕಿ.

ಎರಡನೆಯ ಪ್ರಶ್ನೆ ಹಳ್ಳಿಯ ಸಭೆಯೊಂದರಲ್ಲಿರುವ ಯುವ ಬೋಧಕರದ್ದು: ಅಮ್ಮಾ, ನಮ್ಮಿಂದ ಲೆಕ್ಕ ಕೇಳುವ ಹಿರಿಯರು ತಮ್ಮ ಲೆಕ್ಕವನ್ನು ಯಾರಿಗೆ ಕೊಡುತ್ತಾರೆ?

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಂದನೆ, ಅಯ್ಯನವರೇ. ಇಲ್ಲಿ ಕೂತಿರುವ ಹಿರಿಯರಿಗೆ ನೇರವಾಗಿಯೇ ಹೇಳುತ್ತೇನೆ. ಚೆನ್ನಾಗಿ ನಡೆಸುವ ಹಿರಿಯರು, ಮುಖ್ಯವಾಗಿ ಬೋಧನೆಯಲ್ಲಿ ಕಷ್ಟಪಡುವವರು, ಇಮ್ಮಡಿ ಗೌರವಕ್ಕೆ ಯೋಗ್ಯರೆಂದು ಬರೆದ ಪೌಲ ಅದರ ಬೆನ್ನಿಗೇ, ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂಬ ಮಾತನ್ನು ತರುತ್ತಾನೆ. ಅಂದರೆ ಗೌರವದಲ್ಲಿ ಸಂಬಳವೂ ಸೇರಿದೆ. ಬೋಧಕರಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ? ಅವರ ಮನೆಯ ಹೆಂಚು ಈ ಮಳೆಗಾಲದಲ್ಲಿ ಸೋರಿತೇ? ಅವರ ಮಕ್ಕಳ ಶಾಲಾ ಶುಲ್ಕ ಕಟ್ಟಿದ್ದಾರೆಯೇ, ಸಾಲ ಮಾಡಿ ಕಟ್ಟಿದ್ದಾರೆಯೇ? ವಾರಕ್ಕೊಂದು ದಿನ ಅವರಿಗೆ ರಜೆ ಇದೆಯೇ, ಅಥವಾ ರಜೆಯ ದಿನವೇ ನಾವು ಗೃಹಪ್ರವೇಶದ ಪ್ರಾರ್ಥನೆ ಇಟ್ಟುಕೊಳ್ಳುತ್ತೇವೆಯೇ? ಕ್ಯೂಆರ್ ಕೋಡಿನ ಬಗ್ಗೆ ಕಮಿಟಿಯಲ್ಲಿ ಮಾತೆತ್ತುವ ಮುಂಚೆ ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಹಿರಿಯರು ಬರೆದುಕೊಂಡು ಬರಲಿ. ಮುಂದಿನ ಕಮಿಟಿಯ ಕಾರ್ಯಸೂಚಿಯಲ್ಲಿ ಬೋಧಕರ ಸಂಬಳದ ಬಾಕಿಯೇ ಮೊದಲನೆಯ ವಿಷಯವಾಗಿರಲಿ, ಕಾಣಿಕೆಯ ಲೆಕ್ಕ ಎರಡನೆಯದು.